ಹಳೇ ಫೈಕಸ್ ಬೋನ್ಸಾಯ್‌ಗೆ ಹೊಸ ರೂಪ: ತಂತಿ ಎಲ್ಲಿಗೆ, ಕತ್ತರಿ ಎಲ್ಲಿಗೆ?

ಪ್ರಶ್ನೆ: ನಮ್ಮ ಮಾವ ಸಾಕಿದ ಫೈಕಸ್ ಬೋನ್ಸಾಯ್ ಈಗ ನನ್ನ ಪಾಲಿಗೆ ಬಂದಿದೆ. ಸುಮಾರು 25 ವರ್ಷದ್ದು. ಎರಡು ಅಡಿ ಎತ್ತರ, ಬುಡ ಮುಂಗೈಗಿಂತ ದಪ್ಪ. ಕೊನೆಯ ಕೆಲವು ವರ್ಷ ಅವರಿಗೆ ಕೈಲಾಗದೆ ಬರೀ ನೀರು ಹಾಕಿಕೊಂಡು ಬಂದಿದ್ದರು. ಈಗ ರೆಂಬೆಗಳೆಲ್ಲ ಮೇಲಕ್ಕೆ ನೆಟ್ಟಗೆ ಹೋಗಿವೆ. ತಲೆಯಲ್ಲಿ ಮಾತ್ರ ದಟ್ಟ ಎಲೆ, ಕೆಳಗೆ ಬೋಳು. ಎಡಗಡೆ ಹೆಬ್ಬೆರಳು ದಪ್ಪದ ಒಂದು ಕೊಂಬೆ ಸೆಟೆದು ನಿಂತಿದೆ. ಹಳೇ ತಂತಿಯ ಗುರುತು ಒಂದೆರಡು ಕಡೆ ಹಾಗೇ ಇದೆ. ಹೊಸ ಎಲೆಗಳು ಮಡಚಿಕೊಳ್ಳುತ್ತಿವೆ. ನೀರು ಹಾಕಿದರೆ ಮೇಲೇ ನಿಲ್ಲುತ್ತದೆ. ಎಲ್ಲ ಎಲೆ ತೆಗೆದು, ತಂತಿ ಸುತ್ತಿ, ಕುಂಡವನ್ನೂ ಬದಲಿಸಿ ಒಂದೇ ದಿನದಲ್ಲಿ ಮುಗಿಸುವ ವಿಡಿಯೋ ನೋಡಿದೆ. ದೀಪಾವಳಿ ರಜೆಯಲ್ಲಿ ನಾನೂ ಹಾಗೇ ಮಾಡಬಹುದಾ? ಯಾವ ತಂತಿ ತರಲಿ? ಕುಂಡದ ಆಚೆಗೆ ಇಳಿದಿರುವ ಒಂದು ಬಿಳಲನ್ನು ಕತ್ತರಿಸಬೇಕಾ?
(ಓದುಗರು, ಮೈಸೂರು)

ಉತ್ತರ: ದೀಪಾವಳಿಗೆ ಬೇಡ. ಯುಗಾದಿ ಆಸುಪಾಸಿಗೆ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವುದಂತೂ ಬೇಡವೇ ಬೇಡ.

ವಿಡಿಯೋದಲ್ಲಿ ತೋರಿಸಿದ್ದು ಸುಳ್ಳು ಅಂತ ಹೇಳುತ್ತಿಲ್ಲ. ಫೈಕಸ್ ಅಂದರೆ ನಮ್ಮ ಆಲ, ಗೋಳಿಗಳ ಕುಲ, ಗಟ್ಟಿ ಜೀವ. ಗೋಡೆ ಸಂದಿಯಲ್ಲಿ, ಚರಂಡಿ ಪೈಪಿನಲ್ಲಿ ಬೆಳೆಯುವ ಜಾತಿ ಅದು. ಎಲೆ, ಬೇರು, ಕೊಂಬೆ ಮೂರನ್ನೂ ಒಂದೇ ಬಾರಿಗೆ ಸವರಿದರೂ ಬದುಕಿಬಿಡುವುದುಂಟು. ಆದರೆ ಆ ವಿಡಿಯೋ ಮಾಡಿದವರ ಗಿಡ ಹಿಂದಿನ ವರ್ಷವೆಲ್ಲ ಗೊಬ್ಬರ ತಿಂದು ಮೈತುಂಬಿಕೊಂಡಿತ್ತು. ನಿಮ್ಮದು ವರ್ಷಗಟ್ಟಲೆ ಬರೀ ನೀರಿನ ಮೇಲೆ ಇದೆ. ಅದೇ ಏಟನ್ನು ಇದಕ್ಕೂ ಕೊಟ್ಟರೆ ಮರ ಸಾಯಲಿಕ್ಕಿಲ್ಲ. ಆದರೆ ಯಾವ ಕೊಂಬೆ ಉಳಿಯಬೇಕು ಅಂತ ನೀವು ಆರಿಸಿರುತ್ತೀರೋ ಅದೇ ಒಣಗಿಹೋಗುತ್ತದೆ. ಕೆಳಗಿನ ಕೊಂಬೆಗಳಿಗೆ ಮೊದಲೇ ಶಕ್ತಿ ಇರುವುದಿಲ್ಲ ನೋಡಿ.

ಕಾಲದ ಮಾತು ಮೊದಲು ಮುಗಿಸಿಬಿಡೋಣ. ಮೈಸೂರು, ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳು 15–16 ಡಿಗ್ರಿಗೆ ಇಳಿಯುತ್ತವೆ. ಫೈಕಸ್ ಆಗ ಸಾಯುವುದಿಲ್ಲ, ಆದರೆ ಮಂಕಾಗಿ ಕೂರುತ್ತದೆ. ನವೆಂಬರಿನಲ್ಲಿ ಎಲೆ ಬೋಳಿಸಿದರೆ ಹೊಸ ಎಲೆ ಬರಲು ಬೇಸಿಗೆಯ ಎರಡು ಪಟ್ಟು ಸಮಯ ಹಿಡಿಯಬಹುದು. ಅಷ್ಟು ದಿನ ಮರ ಕೂಡಿಟ್ಟದ್ದನ್ನೇ ಕರಗಿಸಿಕೊಂಡು ಇರಬೇಕು. ಮಾರ್ಚ್ ಹೊತ್ತಿಗೆ ಬಿಸಿಲು ಏರುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಒಂದೆರಡು ಮಳೆಯೂ ಬೀಳುತ್ತದೆ. ಆಗ ಕತ್ತರಿಸಿದ ಗೆಣ್ಣುಗಳಲ್ಲೆಲ್ಲ ಕಣ್ಣು ಒಡೆಯುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಈ ಚಳಿ ಚಿಂತೆ ಅಷ್ಟಿಲ್ಲ, ವರ್ಷದ ಹೆಚ್ಚು ಭಾಗ ಕೆಲಸ ಮಾಡಬಹುದು. ಚಳಿ ದೇಶಗಳಲ್ಲಿ ಕುಂಡವನ್ನು ಮನೆಯೊಳಗೆ ಇಟ್ಟುಕೊಂಡಿರುವ ನಮ್ಮವರು ಜೂನ್, ಜುಲೈವರೆಗೆ ಕಾಯಬೇಕು. ಕುಂಡ ಹೊರಗಿನ ಬಿಸಿಲಿಗೆ ಬಂದಮೇಲೇ ಕತ್ತರಿ ಹಿಡಿಯಬೇಕು.

ಈಗ ನಿಮ್ಮ ಕೈಲಿರುವ ನಾಲ್ಕು ತಿಂಗಳಲ್ಲಿ ಮಾಡಬೇಕಾದ್ದು ಜಾಸ್ತಿಯೇ ಇದೆ.

ಮೊದಲು ಇದು ಯಾವ ಫೈಕಸ್ ಅಂತ ಖಚಿತ ಮಾಡಿಕೊಳ್ಳಿ. ನೀವು ಹೇಳುವ ಲಕ್ಷಣ ನೋಡಿದರೆ ಇದು ಫೈಕಸ್ ಮೈಕ್ರೋಕಾರ್ಪಾ ಇರಬಹುದು. ನಮ್ಮ ಕಡೆ ಪಿಲಾಲ, ಕಿರುಗೋಳಿ ಅನ್ನುವ ಮರ ಇದೇ. ನರ್ಸರಿಗಳಲ್ಲಿ ಇದನ್ನೇ ‘ರೆಟೂಸಾ’ ಅಂತ ಚೀಟಿ ಅಂಟಿಸಿ ಮಾರುತ್ತಾರೆ. ಎಲೆ ದಪ್ಪ, ಹೊಳಪು, ತುದಿ ಮೊಂಡು. ಅದಕ್ಕೆ ಬದಲು ಎಲೆ ತೆಳ್ಳಗಿದ್ದು, ತುದಿ ಬಾಲದ ಹಾಗೆ ಉದ್ದವಾಗಿ ಚೂಪಾಗಿದ್ದು, ಸಣ್ಣ ರೆಂಬೆಗಳು ಜೋತುಬಿದ್ದಿದ್ದರೆ ಅದು ಬೆಂಜಮಿನಾ. ಈ ಎರಡಕ್ಕೂ ಒಂದೇ ಚಿಕಿತ್ಸೆ ನಡೆಯುವುದಿಲ್ಲ. ಮೈಕ್ರೋಕಾರ್ಪಾದ ಹಳೇ ತೊಗಟೆಯಿಂದಲೂ ಹೊಸ ಚಿಗುರು ಬರುತ್ತದೆ, ಕೊಂಬೆಯನ್ನು ಬೋಳು ಮಾಡಿದರೂ ಪರವಾಗಿಲ್ಲ. ಬೆಂಜಮಿನಾ ಹಾಗಲ್ಲ. ಒಂದು ಕೊಂಬೆಯ ಮೇಲೆ ಹಸಿರು ಪೂರ್ತಿ ಹೋದರೆ ಆ ಕೊಂಬೆಯನ್ನೇ ಅದು ಕೈಬಿಡುತ್ತದೆ. ಬೆಂಜಮಿನಾದಲ್ಲಿ ಪ್ರತಿ ರೆಂಬೆಯ ತುದಿಯಲ್ಲೂ ಒಂದೆರಡು ಎಲೆ ಬಿಡಲೇಬೇಕು. ಕೆಳಗೆ ನಾನು ಹೇಳುವುದೆಲ್ಲ ಮೈಕ್ರೋಕಾರ್ಪಾಗೆ.

ಮಡಚಿದ ಎಲೆ ಒಂದನ್ನು ಕಿತ್ತು ಬಿಳಿ ಹಾಳೆಯ ಮೇಲೆ ಬಿಡಿಸಿ ನೋಡಿ. ಒಳಗೆ ಎಳ್ಳಿಗಿಂತ ಸಣ್ಣ, ಕಪ್ಪು ಗೀಟಿನಂಥ ಹುಳ ಓಡಾಡುತ್ತವೆ. ಪಕ್ಕದಲ್ಲಿ ತಿಳಿಹಳದಿ ಮರಿಗಳೂ ಮೊಟ್ಟೆಗಳೂ ಇರುತ್ತವೆ. ಇದು ಥ್ರಿಪ್ಸ್ ನುಸಿ. ಎಳೆ ಎಲೆಯ ರಸ ಹೀರುತ್ತದೆ, ಎಲೆ ನಡುನರದ ಗುಂಟ ಮುಚ್ಚಿಕೊಂಡು ಅದಕ್ಕೆ ಮನೆಯಾಗುತ್ತದೆ. ಮುಚ್ಚಿದ ಎಲೆಯ ಮೇಲೆ ಬೇವಿನೆಣ್ಣೆ ಎಷ್ಟು ಹೊಡೆದರೂ ಒಳಗೆ ಹೋಗುವುದಿಲ್ಲ. ಹಾಗಾಗಿ ಮಡಚಿದ ಎಲೆಗಳನ್ನೆಲ್ಲ ಕೈಯಿಂದ ತೆಗೆದು ಕವರಿನಲ್ಲಿ ಕಟ್ಟಿ ಎಸೆಯಿರಿ, ಕುಂಡದ ಬುಡಕ್ಕೆ ಬೀಳಿಸಬೇಡಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಬೆರೆಯುವುದಕ್ಕೆ ಒಂದೆರಡು ಹನಿ ಸೋಪಿನ ನೀರು ಹಾಕಿ, ಸಂಜೆ ಹೊತ್ತು ವಾರಕ್ಕೊಮ್ಮೆ ಹೊಸ ಚಿಗುರಿಗೆ ಸಿಂಪಡಿಸಿ. ಮೂರು ನಾಲ್ಕು ವಾರದಲ್ಲಿ ಹತೋಟಿಗೆ ಬರಬೇಕು.

ಇನ್ನು ಊಟ. ನೀರು ಮೇಲೇ ನಿಲ್ಲುತ್ತಿದೆ ಅಂದರೆ ಕುಂಡದೊಳಗೆ ಬೇರು ಕಿಕ್ಕಿರಿದಿದೆ. ಈಗಲೇ ಬಿಚ್ಚಬೇಡಿ. ಒಂದು ತೆಳ್ಳಗಿನ ಬಿದಿರ ಕಡ್ಡಿಯಿಂದ ಬೇರಿನ ನಡುವೆ ಅಲ್ಲಲ್ಲಿ ನೇರ ತೂತು ಮಾಡಿ, ಜರಡಿ ಹಿಡಿದ ದಪ್ಪ ಮರಳು ತುಂಬಿ. ನೀರು ಇಳಿಯುವುದಕ್ಕೆ ಇಷ್ಟು ಸಾಕು. ಕಡಲೆಕಾಯಿ ಹಿಂಡಿಯನ್ನು ನಾಲ್ಕೈದು ದಿನ ನೆನೆಸಿ, ತಿಳಿಯನ್ನು ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕೊಡಿ. ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ, ಇರಲಿ. ಕುಂಡ ಪೂರ್ತಿ ಬಿಸಿಲಿನಲ್ಲಿ ಇರಬೇಕು. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದರೆ ಇವತ್ತೇ ತಾರಸಿಗೆ ಹೋಗಲಿ. ಆದರೆ ಮೊದಲ ವಾರ ಅರೆನೆರಳು, ಆಮೇಲೆ ಬಿಸಿಲು.

ಇದರ ಜೊತೆಗೆ ಒಂದು ಸಣ್ಣ ಉಪಾಯ. ಈ ಮರದ ಬಲವೆಲ್ಲ ತಲೆಗೆ ಏರುತ್ತದೆ, ಕೆಳಗಿನದ್ದು ಸೊರಗುತ್ತದೆ. ನಿಮ್ಮ ಮರದ ಕೆಳಭಾಗ ಬೋಳಾಗಿರುವುದಕ್ಕೆ ಕಾರಣ ಇದೇ. ಆದ್ದರಿಂದ ಈಗ ತಲೆಯ ಹೊರಗಿನ ಕುಡಿಗಳನ್ನು ಎರಡೆಲೆಗೆ ಚಿವುಟಿ, ಒಳಗೆ ಬೆಳಕು ಬೀಳುವ ಹಾಗೆ ಮಾಡಿ. ಕೆಳಗೆ ಎಲ್ಲಾದರೂ ಚಿಗುರು ಕಂಡರೆ ಮುಟ್ಟಬೇಡಿ, ಎಷ್ಟು ಉದ್ದ ಬೇಕಾದರೂ ಬೆಳೆಯಲಿ, ಅಂದಗೆಟ್ಟರೂ ಬೆಳೆಯಲಿ. ಮಾರ್ಚಿಗೆ ಆ ಚಿಗುರೇ ನಿಮ್ಮ ಹೊಸ ಕೆಳಕೊಂಬೆ.

ಈಗ ರೂಪದ ವಿಷಯಕ್ಕೆ ಬರೋಣ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ನಮ್ಮಲ್ಲಿ ಬಹಳ ಜನ ಜಪಾನಿನ ಪೈನ್ ಮರದ ಫೋಟೋ ನೋಡಿಕೊಂಡು ಫೈಕಸ್‌ಗೆ ತಂತಿ ಸುತ್ತುತ್ತಾರೆ. ಎಲ್ಲ ಕೊಂಬೆಯನ್ನೂ ಕೆಳಕ್ಕೆ ಬಗ್ಗಿಸಿ, ಮೇಲೆ ಚಪ್ಪಟೆ ತಟ್ಟೆಗಳ ಹಾಗೆ ಎಲೆ ಜೋಡಿಸಿಬಿಡುತ್ತಾರೆ. ಹಿಮ ಬೀಳುವ ಊರಿನ ಮರದ ಕೊಂಬೆ ಹಿಮದ ಭಾರಕ್ಕೆ ಕೆಳಗಿಳಿಯುತ್ತದೆ. ನಮ್ಮ ಆಲ, ಗೋಳಿ, ಬಸರಿ ಯಾವತ್ತು ಹಿಮ ಹೊತ್ತಿವೆ? ಇವುಗಳ ಕೊಂಬೆ ಕಾಂಡದಿಂದ ಹೊರಟು ಅಗಲಕ್ಕೆ ಹೋಗುತ್ತದೆ, ಅಲೆಯ ಹಾಗೆ ಒಂದೆರಡು ಕಡೆ ತಿರುಗುತ್ತದೆ, ತುದಿಯಲ್ಲಿ ಬೆಳಕಿಗೆ ಮುಖ ಎತ್ತುತ್ತದೆ. ತಲೆ ಚೂಪಲ್ಲ, ಅಗಲ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿದ್ದೀರಲ್ಲ. ನಾನೂರು ವರ್ಷದ್ದು ಅನ್ನುತ್ತಾರೆ, ಮೂರು ಎಕರೆ ಹರಡಿದೆ. ತಾಯಿ ಕಾಂಡ ರೋಗ ಬಂದು ಹೋಗಿಬಿಟ್ಟಿದೆ, ಬಿಳಲುಗಳೇ ಕಾಂಡವಾಗಿ ನಿಂತಿವೆ. ಅಲ್ಲಿ ಅರ್ಧ ಗಂಟೆ ಕೂತು ಕೊಂಬೆ ಎಲ್ಲಿಂದ ಹೊರಟು ಎಲ್ಲಿ ತಿರುಗಿದೆ ಅಂತ ಕಣ್ಣಲ್ಲಿ ಹಿಂಬಾಲಿಸಿದರೆ ಬೇಕಾದಷ್ಟು ಕಲಿಯಬಹುದು. ನೀವು ಮೈಸೂರಿನವರೇ ಆದ್ದರಿಂದ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೂ ಹೋಗಿಬನ್ನಿ. ಅಲ್ಲಿ ಮುಂಭಾಗ ಮಾತ್ರ ನೋಡಬೇಡಿ. ಬಗ್ಗಿ, ಪಕ್ಕದಿಂದ, ಕೊಂಬೆ ಕಾಂಡಕ್ಕೆ ಸೇರುವ ಜಾಗ ನೋಡಿ. ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್‌ನ ಬೋನ್ಸಾಯ್ ವಿಭಾಗವನ್ನೂ ಹೀಗೇ ನೋಡಿ.

ಮನೆಗೆ ಬಂದು ನಿಮ್ಮ ಕುಂಡವನ್ನು ಕಣ್ಣಿನ ಮಟ್ಟಕ್ಕೆ ಮೇಜಿನ ಮೇಲಿಡಿ. ನೆಲದ ಮೇಲಿಟ್ಟು ಮೇಲಿನಿಂದ ನೋಡಿದರೆ ಎಲ್ಲ ಮರವೂ ಪೊದೆಯಂತೆಯೇ ಕಾಣುತ್ತದೆ. ಬುಡದ ಮಣ್ಣನ್ನು ಬೆರಳಿಂದ ಸರಿಸಿ ಬೇರು ಎಲ್ಲಿ ಚೆನ್ನಾಗಿ ಹರಡಿದೆ ಅಂತ ಹುಡುಕಿ. ಮುಂಭಾಗ ಯಾವುದು ಅನ್ನುವುದನ್ನು ಬೇರು ಮತ್ತು ಕಾಂಡ ತೀರ್ಮಾನ ಮಾಡಬೇಕು, ಕೊಂಬೆಯಲ್ಲ. ಕೊಂಬೆಯನ್ನು ಎರಡು ಮೂರು ವರ್ಷದಲ್ಲಿ ಹೊಸದಾಗಿ ಬೆಳೆಸಬಹುದು, ಬುಡವನ್ನು ಹಾಗೆ ಮಾಡಲು ಆಗುವುದಿಲ್ಲ. ಮಾವನವರು ಇಟ್ಟುಕೊಂಡಿದ್ದ ಮುಂಭಾಗವೇ ಇರಬೇಕು ಅಂತಲೂ ಇಲ್ಲ. ಕುಂಡವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸುತ್ತಲಿಂದ ಮೊಬೈಲಲ್ಲಿ ಫೋಟೋ ತೆಗೆಯಿರಿ, ಕಪ್ಪು ಬಿಳುಪಿಗೆ ಬದಲಾಯಿಸಿ. ಹಸಿರು ಕಣ್ಣಿಗೆ ಹೊಡೆಯುವುದು ನಿಂತರೆ ಗೆರೆ ಕಾಣುತ್ತದೆ. ತೆಗೆಯಬೇಕು ಅನ್ನಿಸಿದ ಕೊಂಬೆಗೆ ಒಂದು ಬಟ್ಟೆ ಸುತ್ತಿ ಮರೆಮಾಡಿ. ಒಂದು ವಾರ ಹಾಗೇ ಇರಲಿ. ವಾರದ ನಂತರವೂ ಅದಿಲ್ಲದೆ ಮರ ಚೆನ್ನಾಗಿ ಕಂಡರೆ ಆಮೇಲೆ ಗರಗಸದ ಮಾತು.

ನಿಮ್ಮ ಎಡಗಡೆಯ ಹೆಬ್ಬೆರಳು ದಪ್ಪದ ಕೊಂಬೆಯ ಬಗ್ಗೆ ಈಗ ಹೇಳುತ್ತೇನೆ. ನಿಮ್ಮ ಇಡೀ ಪ್ರಶ್ನೆಯಲ್ಲಿ ಕಷ್ಟದ್ದು ಅದೊಂದೇ.

ಅಷ್ಟು ದಪ್ಪದ್ದಕ್ಕೆ ತಂತಿ ಸುತ್ತಿ ಪ್ರಯೋಜನವಿಲ್ಲ. ಬಗ್ಗಿಸಬೇಕಾದ ಕೊಂಬೆಯ ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹೆಬ್ಬೆರಳಿನ ದಪ್ಪ ಅಂದರೆ 20 ಎಂಎಂ. ಅದಕ್ಕೆ 6 ಎಂಎಂಗಿಂತಲೂ ದಪ್ಪ ತಂತಿ ಬೇಕು. ಅದನ್ನು ಸುತ್ತುವುದರಲ್ಲಿ ಕೈಯೂ ನೋಯುತ್ತದೆ, ತೊಗಟೆಯೂ ನಜ್ಜಾಗುತ್ತದೆ. ಇಂಥದ್ದನ್ನು ಸುತ್ತುವ ಬದಲು ಎಳೆದು ಕಟ್ಟಬೇಕು. ಕೊಂಬೆಯ ನಡುಭಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಹೊದಿಸಿ, ಅದರ ಮೇಲೆ 2 ಎಂಎಂ ತಂತಿಯ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಕುಂಡಕ್ಕೆ ಬಿಗಿಯಿರಿ. ಬುಡದ ಗಟ್ಟಿ ಬೇರಿಗೂ ಕಟ್ಟಬಹುದು, ಅಲ್ಲೂ ಟ್ಯೂಬು ಇರಲಿ. ತಂತಿ ಎರಡೆಳೆ ಇರಬೇಕು, ನಡುವೆ ಒಂದು ಸಣ್ಣ ಕಡ್ಡಿ ತೂರಿಸಿ ಇಡಿ. ಕಡ್ಡಿ ತಿರುಗಿಸಿದರೆ ಎಳೆಗಳು ಹುರಿಗೊಂಡು ಕೊಂಬೆ ಚೂರೇ ಚೂರು ಕೆಳಗಿಳಿಯುತ್ತದೆ. ಮೊದಲ ದಿನ ಬಿಗಿ ಅನ್ನಿಸುವವರೆಗೆ ಮಾತ್ರ. ಆಮೇಲೆ ವಾರಕ್ಕೆ ಅರ್ಧ ಸುತ್ತು. ಎರಡು ಮೂರು ತಿಂಗಳಲ್ಲಿ ನಾಲ್ಕೈದು ಇಂಚು ಇಳಿದರೆ ಅದೇ ದೊಡ್ಡ ಸಾಧನೆ.

ಒಂದು ಜಾಗ ಮಾತ್ರ ಸದಾ ಕಣ್ಣಲ್ಲಿರಲಿ: ಕೊಂಬೆ ಕಾಂಡಕ್ಕೆ ಕೂಡುವ ಕಂಕುಳು. ಹಳೇ ಫೈಕಸ್ ಸೀಳುವುದು ಅಲ್ಲೇ. ಕೊಂಬೆಯನ್ನು ಕೆಳಕ್ಕೆ ಎಳೆಯುವಾಗ ಕಂಕುಳಿನ ಮೇಲ್ಭಾಗದ ತೊಗಟೆ ಹಿಗ್ಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಬಿಳಿ ಹಾಲು ಒಂದು ಗೆರೆಯಾಗಿ ಜಿನುಗಿತೆಂದರೆ ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಬೇಕು. ಒಂದು ಸುತ್ತು ಸಡಿಲ ಮಾಡಿ, ಬಿರುಕಿನ ಎರಡೂ ಅಂಚು ಕೂಡುವ ಹಾಗೆ ಒತ್ತಿ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ಅರ್ಧಕ್ಕಿಂತ ಕಡಿಮೆ ಸೀಳಿದ್ದರೆ ಕೂಡಿಕೊಳ್ಳುತ್ತದೆ. ಫೈಕಸ್‌ಗೆ ಕೂಡಿಕೊಳ್ಳುವ ಗುಣ ಚೆನ್ನಾಗಿದೆ. ಎರಡು ಬೇರು ಒತ್ತಿಕೊಂಡು ಬೆಳೆದರೆ ಒಂದೇ ಆಗಿಬಿಡುವ ಜಾತಿ ಇದು.

ಎಳೆದರೂ ಜಗ್ಗದಷ್ಟು ಕೊಂಬೆ ಗಟ್ಟಿಯಾಗಿದ್ದರೆ? ಕೆಲವರು ಕೆಳಭಾಗದಲ್ಲಿ ಮೂರನೇ ಒಂದು ಭಾಗ ಆಳಕ್ಕೆ ತ್ರಿಕೋನದ ಕಚ್ಚು ತೆಗೆದು, ಆ ಸಂದು ಮುಚ್ಚುವ ಹಾಗೆ ಬಗ್ಗಿಸುತ್ತಾರೆ. ಅದು ಆಗುವ ಕೆಲಸವೇ. ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ. ನಿಮಗಾದರೆ ಇದಕ್ಕಿಂತ ಸುಲಭದ ದಾರಿ ಇದೆ. ಆ ಕೊಂಬೆಯನ್ನು ಕಾಂಡದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿಬಿಡಿ. ಮೊಂಡಿನ ಮೇಲೆ ಐದಾರು ವಾರದಲ್ಲಿ ಹಲವು ಚಿಗುರು ಏಳುತ್ತವೆ. ಸರಿಯಾದ ದಿಕ್ಕಿನಲ್ಲಿ ಹೋಗುವ ಎರಡನ್ನು ಉಳಿಸಿ ಮಿಕ್ಕದ್ದನ್ನು ಉಜ್ಜಿ ತೆಗೆಯಿರಿ. ಅವು ಎಳೆಯವು, ಹೇಳಿದ ಕಡೆ ತಿರುಗುತ್ತವೆ. ಸೆಟೆದ ಕೊಂಬೆಯ ಜೊತೆ ಎರಡು ವರ್ಷ ಗುದ್ದಾಡುವ ಹೊತ್ತಿಗೆ ಹೊಸ ಕೊಂಬೆಯೇ ಅದರ ಜಾಗಕ್ಕೆ ಬಂದಿರುತ್ತದೆ. ಪೈನ್ ಮರದ ಹಳೇ ಬೋಳು ಕೊಂಬೆಯಲ್ಲಿ ಇದು ಸಾಧ್ಯವಿಲ್ಲ, ಅದಕ್ಕೇ ಅವರು ಪ್ರತಿ ಕೊಂಬೆಗೂ ತುದಿಯವರೆಗೆ ತಂತಿ ಸುತ್ತಿ ಕಾಪಾಡಿಕೊಳ್ಳುತ್ತಾರೆ. ನಮಗೆ ಆ ಕಷ್ಟ ಯಾಕೆ?

ನಾನು ಫೈಕಸ್‌ಗೆ ತಂತಿ ಬಳಸುವುದೇ ಕಡಿಮೆ. ಕೊಂಬೆ ಕಾಂಡದಿಂದ ಹೊರಡುವ ಮೊದಲ ಎರಡು ಮೂರು ಇಂಚಿನ ದಿಕ್ಕನ್ನು ತಂತಿಯಿಂದ ಸರಿ ಮಾಡಬೇಕು. ಅದರಾಚೆಯದ್ದನ್ನೆಲ್ಲ ಕತ್ತರಿಗೆ ಬಿಡಬೇಕು. ಕುಡಿ ಆರೇಳು ಎಲೆ ಬಿಡುವವರೆಗೆ ಬೆಳೆಸಿ, ಎರಡೆಲೆಗೆ ಕತ್ತರಿಸಬೇಕು. ಕೊನೆಗೆ ಉಳಿದ ಎಲೆ ಯಾವ ಕಡೆ ಮುಖ ಮಾಡಿದೆಯೋ ಅದರ ಕಂಕುಳಿಂದ ಮುಂದಿನ ಚಿಗುರು ಆ ಕಡೆಗೇ ಹೊರಡುತ್ತದೆ. ಒಮ್ಮೆ ಎಡ, ಒಮ್ಮೆ ಬಲ. ಹೀಗೆ ಬಂದ ತಿರುವು ಕೋನಕೋನವಾಗಿ ನಿಜವಾದ ಮರದ ಹಾಗೆ ಇರುತ್ತದೆ. ತಂತಿಯಿಂದ ಬಂದದ್ದು ಹಾವಿನ ಹಾಗೆ ನುಣುಪಾಗಿ ಬಳುಕುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಯಾವ ತಂತಿ ಅಂತ ಕೇಳಿದ್ದೀರಿ. ಕಂದು ಬಣ್ಣದ ಆನೊಡೈಸ್ಡ್ ಅಲ್ಯೂಮಿನಿಯಂ ಬೋನ್ಸಾಯ್ ತಂತಿ ಆನ್‌ಲೈನ್‌ನಲ್ಲಿ ಸಿಗುತ್ತದೆ. 1.5, 2, 3, 4 ಎಂಎಂ ಸುರುಳಿ ಒಂದೊಂದು ಸಾಕು. ತಾಮ್ರ ಬೇಡ, ಈ ಮೆತ್ತಗಿನ ತೊಗಟೆಗೆ ಅದು ಜಾಸ್ತಿ ಗಡಸು. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಬೈಂಡಿಂಗ್ ತಂತಿಯನ್ನು ಕೊಂಬೆಗೆ ಸುತ್ತಲೇಬೇಡಿ, ಕೊಯ್ದುಬಿಡುತ್ತದೆ, ತುಕ್ಕು ಬೇರೆ. ಕೈಯಲ್ಲಿ ಸುಲಭವಾಗಿ ಬಾಗುವ ಹಳೇ ಅಲ್ಯೂಮಿನಿಯಂ ಕೇಬಲ್ಲಿನ ಒಳತಂತಿ ಇದ್ದರೆ ಕಲಿಯುವುದಕ್ಕೆ ಅದೂ ಆಗುತ್ತದೆ. ಕಲಿಯುವುದು ಅಂದೆನಲ್ಲ, ಈ ನಾಲ್ಕು ತಿಂಗಳಲ್ಲಿ ಬೀದಿಯಲ್ಲಿ ಕಡಿದು ಬಿಸಾಡಿದ ಗೋಳಿ ರೆಂಬೆ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಎಷ್ಟು ಬಗ್ಗಿಸಿದರೆ ಟಕ್ ಅನ್ನುತ್ತದೆ ಅನ್ನುವುದು ಬೆರಳಿಗೆ ಗೊತ್ತಾಗಬೇಕು, ಓದಿ ಗೊತ್ತಾಗುವುದಿಲ್ಲ.

ಮಾರ್ಚ್ ಕೊನೆಗೆ ಮರ ಚೆನ್ನಾಗಿ ಚಿಗುರುತ್ತಿದೆ ಅನ್ನಿಸಿದಾಗ ಕೆಲಸಕ್ಕೆ ಕೂರಿ. ಹಿಂದಿನ ದಿನ ನೀರು ಕಡಿಮೆ ಮಾಡಿ. ಮಣ್ಣು ಸ್ವಲ್ಪ ಒಣಗಿದ್ದರೆ ಹಾಲು ಕಡಿಮೆ ಸುರಿಯುತ್ತದೆ, ರೆಂಬೆಯೂ ಸುಲಭವಾಗಿ ಬಾಗುತ್ತದೆ. ಪೂರ್ತಿ ಒಣಗಿಸಿ ಬಾಡಿಸಬೇಡಿ. ಹಾಲು ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಕೆಲವರಿಗೆ ಚರ್ಮ ತುರಿಸುತ್ತದೆ. ಕಣ್ಣಿಗೆ ಮಾತ್ರ ಬೀಳಲೇಬಾರದು. ಕೈಗವಸು ಹಾಕಿ, ಆ ಕೈಯಲ್ಲಿ ಮುಖ ಒರೆಸಿಕೊಳ್ಳಬೇಡಿ.

ಮೊದಲು ತೆಗೆಯಬೇಕಾದ ಕೊಂಬೆಗಳು. ಒಂದೇ ಜಾಗದಿಂದ ಮೂರು ನಾಲ್ಕು ಹೊರಟಿದ್ದರೆ ಎರಡಕ್ಕಿಂತ ಜಾಸ್ತಿ ಉಳಿಸಬೇಡಿ. ಬಿಟ್ಟರೆ ಆ ಜಾಗ ಗಂಟಾಗಿ ಊದಿಕೊಳ್ಳುತ್ತದೆ. ನೇರ ಮೇಲಕ್ಕೆ, ನೇರ ಕೆಳಕ್ಕೆ ಹೋಗುವ ಸಣ್ಣ ರೆಂಬೆಗಳೂ ಹೋಗಲಿ. ಕತ್ತರಿಸಿದ ಜಾಗಕ್ಕೆ ತಣ್ಣೀರು ಸಿಂಪಡಿಸಿ, ಹಾಲು ನಿಂತ ಮೇಲೆ ಒರೆಸಿ, ಆಮೇಲೆ ಗಾಯದ ಪೇಸ್ಟ್ ಹಚ್ಚಿ. ಹಾಲಿನ ಮೇಲೆಯೇ ಹಚ್ಚಿದರೆ ಪೇಸ್ಟ್ ಹಿಡಿಯುವುದಿಲ್ಲ. ದೊಡ್ಡ ಗಾಯವನ್ನು ಒಳಕ್ಕೆ ಸ್ವಲ್ಪ ತಗ್ಗಾಗಿ ಕತ್ತರಿಸಿದರೆ ತೊಗಟೆ ಬೆಳೆದು ಮುಚ್ಚಿದಾಗ ಉಬ್ಬುವುದಿಲ್ಲ. ಒಣ ಮೊಂಡನ್ನು ಕೆತ್ತಿ ಬಿಳಿ ಕಟ್ಟಿಗೆಯ ಅಲಂಕಾರ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ಫೈಕಸ್ ಕಟ್ಟಿಗೆ ಮೆತ್ತಗೆ, ನಮ್ಮ ಮಳೆಗೆ ಕೊಳೆತು ಕಾಂಡದೊಳಕ್ಕೂ ಇಳಿಯಬಹುದು.

ಆಮೇಲೆ ಎಲೆ. ಕಿತ್ತು ತೆಗೆಯಬೇಡಿ, ತೊಟ್ಟು ಉಳಿಯುವ ಹಾಗೆ ಕತ್ತರಿಯಿಂದ ಕತ್ತರಿಸಿ. ಕಿತ್ತರೆ ತೊಟ್ಟಿನ ಬುಡದ ಕಣ್ಣಿಗೆ ಪೆಟ್ಟಾಗುತ್ತದೆ. ನಿಮ್ಮ ಮರಕ್ಕೆ ಪೂರ್ತಿ ಬೋಳಿಸುವುದು ಬೇಡ. ತಲೆಯಲ್ಲಿ ಎಲ್ಲ ಎಲೆ ತೆಗೆಯಿರಿ, ನಡುವಿನ ಕೊಂಬೆಗಳಲ್ಲಿ ಅರ್ಧ ತೆಗೆಯಿರಿ, ಕೆಳಗಿನ ಬಡ ಕೊಂಬೆಗಳ ಒಂದು ಎಲೆಯನ್ನೂ ಮುಟ್ಟಬೇಡಿ. ಆಗ ತಲೆ ಸುಮ್ಮನಾಗಿ ಕೆಳಗಿನದ್ದಕ್ಕೆ ಬಲ ಬರುತ್ತದೆ. ಮೂರು ನಾಲ್ಕು ವಾರದಲ್ಲಿ ಬರುವ ಹೊಸ ಎಲೆ ಸ್ವಲ್ಪ ಸಣ್ಣದಾಗಿಯೂ ಇರುತ್ತದೆ.

ಈಗ ತಂತಿ. ಪೆನ್ಸಿಲ್ ದಪ್ಪದವರೆಗಿನ ರೆಂಬೆಗಳಿಗೆ ಮಾತ್ರ. ಒಂದೇ ತಂತಿ ಎರಡು ರೆಂಬೆಗೆ ಹೋಗಲಿ, ನಡುವೆ ಕಾಂಡಕ್ಕೆ ಒಂದೂವರೆ ಎರಡು ಸುತ್ತು ಬಂದರೆ ಅದೇ ಲಂಗರು. ಲಂಗರು ಇಲ್ಲದೆ ಸುತ್ತಿದ ತಂತಿ ರೆಂಬೆಯ ಜೊತೆ ತಾನೂ ಎದ್ದು ಬರುತ್ತದೆ. ಸುತ್ತು 45 ಡಿಗ್ರಿ ಓರೆಯಲ್ಲಿ, ಸಮವಾದ ಅಂತರದಲ್ಲಿ ಇರಲಿ. ತೊಗಟೆಗೆ ತಾಗಿರಬೇಕು, ಹಿಸುಕಬಾರದು. ಬಗ್ಗಿಸುವ ಜಾಗದಲ್ಲಿ ತಂತಿ ಬಾಗಿನ ಹೊರಮೈ ಮೇಲೆ ಬರಬೇಕು, ಸೀಳುವುದು ಹೊರಮೈಯೇ. ಎರಡೂ ಹೆಬ್ಬೆರಳನ್ನು ಒಳಮೈಗೆ ಊರಿ ನಿಧಾನವಾಗಿ ಬಗ್ಗಿಸಿ. ರೆಂಬೆಯನ್ನು ಬಲಕ್ಕೆ ತಿರುಚಬೇಕಿದ್ದರೆ ತಂತಿಯನ್ನೂ ಬಲಕ್ಕೇ ಸುತ್ತಿರಬೇಕು, ಇಲ್ಲದಿದ್ದರೆ ತಿರುಚಿದಾಗ ಸಡಿಲವಾಗುತ್ತದೆ. ಒಮ್ಮೆ ಬಗ್ಗಿಸಿದ್ದನ್ನು ಮತ್ತೆ ಮತ್ತೆ ಅತ್ತ ಇತ್ತ ಮಾಡಬೇಡಿ. ಕೊನೆಯಲ್ಲಿ ಪ್ರತಿ ರೆಂಬೆಯ ತುದಿಯನ್ನು ಮೇಲಕ್ಕೆ ತಿರುಗಿಸಿ. ತುದಿ ಕೆಳಮುಖವಾಗಿದ್ದರೆ ಅದು ಬಡವಾಗುತ್ತಾ ಹೋಗುತ್ತದೆ, ಬೆನ್ನಿನ ಮೇಲಿನ ಕಣ್ಣು ಒಡೆದು ನೆಟ್ಟಗೆ ಮೇಲೇಳುತ್ತದೆ. ಆಗ ಮತ್ತೆ ಈಗಿನ ಸ್ಥಿತಿಗೇ ಬರುತ್ತೀರಿ.

ತಂತಿ ಸುತ್ತುವುದಕ್ಕಿಂತ ಬಿಚ್ಚುವುದು ಮುಖ್ಯ. ನಿಮ್ಮ ಮರದ ಹಳೇ ಗುರುತುಗಳು ಅದನ್ನೇ ಹೇಳುತ್ತಿವೆ. ಏಪ್ರಿಲ್‌ನಿಂದ ಮಳೆಗಾಲದವರೆಗೆ ಫೈಕಸ್ ಎಷ್ಟು ಬೇಗ ದಪ್ಪವಾಗುತ್ತದೆಂದರೆ ಐದಾರು ವಾರದಲ್ಲಿ ತಂತಿ ತೊಗಟೆಯೊಳಗೆ ಕೂತುಬಿಡುತ್ತದೆ. ಮೂರನೇ ವಾರದಿಂದ ಪ್ರತಿ ಭಾನುವಾರ ಒಂದು ಸುತ್ತು ನೋಡಿ. ತಂತಿಯ ಎರಡೂ ಬದಿಯಲ್ಲಿ ತೊಗಟೆ ದಿಂಬಿನ ಹಾಗೆ ಉಬ್ಬಿದರೆ ಅವತ್ತೇ ತೆಗೆಯಬೇಕು. ಮೊದಲು ತಲೆಯಲ್ಲಿ ನೋಡಿ, ಅಲ್ಲೇ ಬೇಗ ಕಚ್ಚುವುದು. ಸುರುಳಿ ಬಿಚ್ಚಿ ತಂತಿ ಉಳಿಸುವ ಆಸೆ ಬೇಡ, ಕಟರ್‌ನಿಂದ ಪ್ರತಿ ಸುತ್ತನ್ನೂ ತುಂಡು ಮಾಡಿ ತೆಗೆಯಿರಿ. ತೆಗೆದಮೇಲೆ ರೆಂಬೆ ಮತ್ತೆ ಮೇಲೆದ್ದರೆ ಸ್ವಲ್ಪ ದಿನ ಬಿಟ್ಟು ಬೇರೆ ಜಾಗದ ಮೇಲೆ ಹಾಯುವ ಹಾಗೆ ಇನ್ನೊಮ್ಮೆ ಸುತ್ತಿ. ಎಳೆ ಚಿಗುರಾದರೆ ಒಂದೇ ಸುತ್ತಿಗೆ ನಿಲ್ಲುತ್ತದೆ. ಪೆನ್ಸಿಲ್ ದಪ್ಪದ್ದಕ್ಕೆ ಎರಡು ಮೂರು ಸಲ ಬೇಕಾಗಬಹುದು. ಈಗಿರುವ ಹಳೇ ಗುರುತಿಗೆ ಮದ್ದಿಲ್ಲ. ಆ ಕೊಂಬೆ ದಪ್ಪವಾಗುತ್ತಾ ವರ್ಷಗಳಲ್ಲಿ ಮಾಸುತ್ತದೆ. ಮೇಲ್ಗಡೆ ಒಂದು ಕುಡಿಯನ್ನು ಉದ್ದಕ್ಕೆ ಬೆಳೆಯಲು ಬಿಟ್ಟರೆ ಇನ್ನೂ ಬೇಗ. ತೀರಾ ಕುರೂಪವಾಗಿದ್ದರೆ ಗುರುತಿನ ಹಿಂದಕ್ಕೆ ಕತ್ತರಿಸಿ ಹೊಸ ಚಿಗುರು ತೆಗೆದುಕೊಳ್ಳಿ.

ಕೆಲಸ ಮುಗಿದ ಮೇಲೆ ಹತ್ತು ಹದಿನೈದು ದಿನ ಅರೆನೆರಳು. ಎಲೆ ಕಡಿಮೆಯಾದ ಮರ ನೀರನ್ನೂ ಕಡಿಮೆ ಕುಡಿಯುತ್ತದೆ, ಮೊದಲಿನಷ್ಟೇ ಸುರಿದರೆ ಬೇರು ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದ್ದು ನೋಡಿ ಹಾಕಿ. ಹೊಸ ಎಲೆ ಬಲಿಯುವವರೆಗೆ ಗೊಬ್ಬರ ಬೇಡ.

ಕುಂಡ ಬದಲಿಸುವುದು ಅದರ ಮುಂದಿನ ವರ್ಷ, ಮತ್ತೆ ಮಾರ್ಚ್‌ನಲ್ಲಿ. ಬೇರು ಮೂರನೇ ಒಂದು ಭಾಗ ತೆಗೆದು, ಇಟ್ಟಿಗೆ ಚೂರು, ದಪ್ಪ ಮರಳು, ಹಳೇ ಗೊಬ್ಬರ ಬೆರೆಸಿದ ಮಿಶ್ರಣಕ್ಕೆ ನೆಡಿ. ಧೂಳು ಜರಡಿ ಹಿಡಿದು ತೆಗೆದಿರಬೇಕು. ನೀವು ಆರಿಸಿದ ಹೊಸ ಮುಂಭಾಗಕ್ಕೆ ಮರವನ್ನು ತಿರುಗಿಸುವುದೂ, ಬೇಕಿದ್ದರೆ ಸ್ವಲ್ಪ ವಾಲಿಸುವುದೂ ಆಗಲೇ. ಮರವನ್ನು ತಂತಿಯಿಂದ ಕುಂಡಕ್ಕೆ ಬಿಗಿದು ಕಟ್ಟಿ. ಅಲ್ಲಾಡುತ್ತಿದ್ದರೆ ಹೊಸ ಬೇರು ಹರಿಯುತ್ತಲೇ ಇರುತ್ತದೆ.

ಕೊನೆಗೆ ಆ ಬಿಳಲು. ಕತ್ತರಿಸಬೇಡಿ! ಮೈಸೂರಿನ ಒಣ ಹವೆಯಲ್ಲಿ ಕುಂಡದ ಮರಕ್ಕೆ ತಾನಾಗಿ ಬಿಳಲು ಬರುವುದೇ ಅಪರೂಪ, ಬಂದದ್ದನ್ನು ಜನ ಕಸ ಅಂದುಕೊಂಡು ಕತ್ತರಿಸುತ್ತಾರೆ. ಅದು ಇನ್ನೂ ಸಣ್ಣದಾಗಿದ್ದು ಬಾಗುವಂತಿದ್ದರೆ ಈಗಲೇ ದಾರಿ ತೋರಿಸಬಹುದು, ಇದಕ್ಕೆ ಯುಗಾದಿಯವರೆಗೆ ಕಾಯಬೇಕಿಲ್ಲ. ಒಂದು ಪ್ಲಾಸ್ಟಿಕ್ ಸ್ಟ್ರಾವನ್ನು ಉದ್ದಕ್ಕೆ ಸೀಳಿ ಬಿಳಲಿಗೆ ತೊಡಿಸಿ, ಒಳಗೆ ನೆನೆಸಿದ ತೆಂಗಿನ ನಾರಿನ ಪುಡಿ ತುಂಬಿ, ಕೆಳತುದಿಯನ್ನು ಕುಂಡದ ಮಣ್ಣಿಗೆ ಊರಿ. ಒಳಗೆ ತೇವ ಆರದ ಹಾಗೆ ದಿನಾ ಮೇಲಿನಿಂದ ಸ್ವಲ್ಪ ನೀರು ಬಿಡಿ. ಮಣ್ಣು ಮುಟ್ಟಿದ ಬಿಳಲು ಮುಂದಿನ ಮಳೆಗಾಲದಲ್ಲಿ ಸರಸರ ದಪ್ಪವಾಗುತ್ತದೆ. ಅದು ಆ ಎಡಗಡೆಯ ಕೊಂಬೆಯಿಂದಲೇ ಇಳಿದಿದ್ದರೆ ಆ ಕೊಂಬೆಯನ್ನು ಕತ್ತರಿಸುವ ಯೋಚನೆಯನ್ನೇ ಬಿಡಿ. ಬಿಳಲು ಮಣ್ಣಿಗಿಳಿದರೆ ಕೊಂಬೆಗೆ ಅಲ್ಲಿಂದಲೂ ನೀರು ಸಿಗುತ್ತದೆ. ಆಗ ಅದನ್ನು ಸ್ವಲ್ಪವೇ ಕೆಳಗಿಳಿಸಿ ಅಗಲಕ್ಕೆ ಬಿಟ್ಟು, ಇಡೀ ಮರದ ತೂಕವನ್ನು ಎಡಕ್ಕೆ ಹರಡಿ ವಿನ್ಯಾಸ ಮಾಡಬಹುದು. ಹಾಗಿದ್ದರೆ ಮಾರ್ಚ್‌ಗೆ ಮುಂಚೆ ನಾಲ್ಕು ಕಡೆಯಿಂದ ತೆಗೆದ ಫೋಟೋ ಕಳಿಸಿ. ಯಾವ ರೆಂಬೆ ಇರಲಿ, ಯಾವುದು ಹೋಗಲಿ ಅಂತ ಫೋಟೋ ಮೇಲೆಯೇ ಗೀಟು ಹಾಕಿ ತೋರಿಸುತ್ತೇನೆ.